ಹತ್ತು ವರ್ಷದ ಕರಾರು ಮತ್ತು ಒಂದು ಕೆಂಪು ಅಂಗಿ

"ಕನ್ನಡದಲ್ಲಿ ಓದಿದರೆ ಮುಂದೆ ಏನುಂಟು ಮಾಷ್ಟ್ರೆ?"

ಗಡಿಯ ಈಚೆ ಕನ್ನಡ ಮಾಧ್ಯಮದಲ್ಲಿ ಕಲಿಸುವ ನಮಗೆಲ್ಲ ಈ ಪ್ರಶ್ನೆ ಹೊಸದಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ ಮಕ್ಕಳನ್ನು ಹುಡುಕಿಕೊಂಡು ಮನೆ ಮನೆಗೆ ಹೋದಾಗ ಜಗಲಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು, ಆಮೇಲೆ ಮೆಲ್ಲನೆ ಈ ಮಾತು ಕೇಳುತ್ತಾರೆ. ಕೇಳುವವರು ಕನ್ನಡದ ವೈರಿಗಳಲ್ಲ. ಹಲವರು ನಮ್ಮ ಶಾಲೆಯಲ್ಲೇ ಓದಿದವರು, ನಮ್ಮಲ್ಲಿ ಕೆಲವರ ಕೈಯಿಂದಲೇ ಪೆಟ್ಟು ತಿಂದವರು! ಅವರಿಗೆ ನಾವು ಕೊಡುತ್ತ ಬಂದ ಉತ್ತರವೂ ಹಳೆಯದೇ. ಭಾಷೆ ತಾಯಿಯಂತೆ, ಬೇರು ಬಿಟ್ಟರೆ ಮರ ಉಳಿಯದು, ಇತ್ಯಾದಿ. ಅವರು ಗೌರವದಿಂದ ತಲೆ ಅಲ್ಲಾಡಿಸುತ್ತಾರೆ. ಜೂನ್ ಒಂದನೇ ತಾರೀಕಿಗೆ ಮಗು ಬೇರೆ ಶಾಲೆಯ ಬಸ್ಸು ಹತ್ತಿರುತ್ತದೆ.

ನಮ್ಮ ಉತ್ತರದಲ್ಲಿ ಸುಳ್ಳಿಲ್ಲ. ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ಅವರು ಕೇಳಿದ್ದು ಅನ್ನದ ಪ್ರಶ್ನೆ, ನಾವು ಹೇಳಿದ್ದು ಅಭಿಮಾನದ ಮಾತು. ಇವೆರಡೂ ಒಂದೇ ಬದುಕಿನಲ್ಲಿ ಎದುರುಬದುರಾಗಿ ನಿಂತಾಗ ಏನಾಗುತ್ತದೆ ಎಂದು ಯೋಚಿಸುವಾಗ ನಮಗೆ ನೆನಪಾಗುವುದು ಬಹಳ ದೂರದ ಒಬ್ಬ ಆಟಗಾರ. ಕ್ರಿಕೆಟಿನವನಲ್ಲ, ಕಬಡ್ಡಿಯವನಲ್ಲ. ರಗ್ಬಿ ಲೀಗ್ ಆಡುವವನು. ಹೆಸರು ಜೇಸನ್ ಟೌಮಲೊಲೊ. ಇಂದು ಅವನ ಕತೆಯನ್ನೇ ಹೇಳಬೇಕೆಂದಿದ್ದೇವೆ. ಆಟದ ಪರಿಚಯ ಇಲ್ಲದವರು ಗಾಬರಿಯಾಗಬೇಡಿ, ಕಬಡ್ಡಿ ಗೊತ್ತಿದ್ದರೆ ಅರ್ಧ ಗೊತ್ತಿದ್ದ ಹಾಗೆಯೇ.

ಕೂಲಿಯ ಜಗಳದಲ್ಲಿ ಹುಟ್ಟಿದ ಆಟ

ರಗ್ಬಿಯಲ್ಲಿ ಎರಡು ಬಗೆ. ಒಂದು ಯೂನಿಯನ್, ಇನ್ನೊಂದು ಲೀಗ್. ಮೊದಲು ಇದ್ದದ್ದು ಒಂದೇ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಗಿರಣಿ ಮತ್ತು ಗಣಿಗಳಲ್ಲಿ ದುಡಿಯುವ ಆಳುಗಳು ಈ ಆಟದಲ್ಲಿ ನಿಪುಣರಾಗಿದ್ದರು. ಆದರೆ ಆಟಕ್ಕೆಂದು ಕೆಲಸ ಬಿಟ್ಟರೆ ಅಂದಿನ ಕೂಲಿ ಹೋಗುತ್ತಿತ್ತು. ತಪ್ಪಿದ ಕೂಲಿಯನ್ನಾದರೂ ಕಟ್ಟಿಕೊಡೋಣ ಎಂದು ಉತ್ತರದ ಕ್ಲಬ್ಬುಗಳು ಕೇಳಿದವು. ಆಟ ಎಂದರೆ ಹಣಕ್ಕಲ್ಲ, ಮರ್ಯಾದೆಗೆ ಎಂದರು ಮೇಲಿನವರು. ಹೊಟ್ಟೆ ತುಂಬಿದವರಿಗೆ ಹಾಗೆ ಹೇಳುವುದು ಸುಲಭ. ಕೊನೆಗೆ 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಎಂಬ ಊರಿನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ ಉತ್ತರದ ಕ್ಲಬ್ಬುಗಳು ಬೇರೆಯಾದವು. ಅದೇ ಮುಂದೆ ರಗ್ಬಿ ಲೀಗ್ ಆಯಿತು. 1908ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲೂ ಇದರ ಪಂದ್ಯಾವಳಿ ಆರಂಭವಾಯಿತು.

ತಂಡಕ್ಕೆ 13 ಮಂದಿ, ಆಟ 80 ನಿಮಿಷ. ಚೆಂಡು ಹಿಡಿದು ಎದುರಾಳಿಗಳ ಗೋಡೆಗೆ ನುಗ್ಗಬೇಕು. ಅವರು ಹಿಡಿದು ಕೆಡವುತ್ತಾರೆ. ಬಿದ್ದವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸುತ್ತಾನೆ, ಇನ್ನೊಬ್ಬ ನುಗ್ಗುತ್ತಾನೆ. ಹೀಗೆ ಆರು ಸಲ ಹಿಡಿಸಿಕೊಳ್ಳುವುದರೊಳಗೆ ಅಂಕ ಗಳಿಸದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ 4 ಅಂಕ. ಅದಕ್ಕೆ ಟ್ರೈ ಎನ್ನುತ್ತಾರೆ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೆರಡು. ಮೈಗೆ ತಲೆಗೆ ರಕ್ಷಾಕವಚ ಎಂದು ಹೇಳುವಂಥದ್ದು ಏನೂ ಇಲ್ಲ. ಕಬಡ್ಡಿಯಲ್ಲಿ ಏಳು ಮಂದಿ ಒಬ್ಬನನ್ನು ಹಿಡಿಯುವ ಕ್ಷಣ ಇದೆಯಲ್ಲ, ಅದನ್ನು ಎಂಬತ್ತು ನಿಮಿಷ ಎಡೆಬಿಡದೆ ಆಡಿದಂತೆ.

ಆಸ್ಟ್ರೇಲಿಯಾದ ರಾಷ್ಟ್ರೀಯ ರಗ್ಬಿ ಲೀಗ್, ಅಂದರೆ ಎನ್‌ಆರ್‌ಎಲ್, ಈ ಆಟದ ಅತಿ ದೊಡ್ಡ ಪಂದ್ಯಾವಳಿ. ಅದರಲ್ಲಿ ಆಡುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸಮೋವ, ಟೊಂಗಾ, ಫಿಜಿ ಮುಂತಾದ ಪೆಸಿಫಿಕ್ ದ್ವೀಪಗಳ ಮೂಲದವರು, ಇಲ್ಲವೇ ನ್ಯೂಜಿಲೆಂಡಿನ ಮಾವೊರಿಗಳು. ದ್ವೀಪಗಳಿಂದ ಅಪ್ಪ ಅಮ್ಮ ಕೆಲಸ ಹುಡುಕಿಕೊಂಡು ದೊಡ್ಡ ದೇಶಕ್ಕೆ ಬಂದರು. ಮಕ್ಕಳು ಅಲ್ಲಿಯೇ ಹುಟ್ಟಿ, ಅಲ್ಲಿಯ ಶಾಲೆಯಲ್ಲಿ ಓದಿ, ಆಟದ ಬಲದಿಂದ ಮೇಲೆ ಬಂದರು.

ಹುಟ್ಟಿದ್ದು ಒಂದು ಕಡೆ, ಬೆಳೆದದ್ದು ಇನ್ನೊಂದು ಕಡೆ

ಟೌಮಲೊಲೊ ಹುಟ್ಟಿದ್ದು 1993ರಲ್ಲಿ, ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ. ತಂದೆ ತಾಯಿ ಟೊಂಗಾದವರು. ಹದಿಮೂರರ ಹೊತ್ತಿಗೆ ಸಂಸಾರ ಆಸ್ಟ್ರೇಲಿಯಾದ ಉತ್ತರಕ್ಕಿರುವ ಟೌನ್ಸ್‌ವಿಲ್ ಊರಿಗೆ ಬಂತು. ಅಲ್ಲಿ ಕಿರ್ವಾನ್ ಎಂಬಲ್ಲಿನ ಸರಕಾರಿ ಹೈಸ್ಕೂಲಿನಲ್ಲಿ ಓದು. ಶಾಲೆಯಲ್ಲಿರುವಾಗಲೇ ಆ ಊರಿನ ವೃತ್ತಿಪರ ತಂಡವಾದ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್‌ನ ಕಣ್ಣಿಗೆ ಬಿದ್ದ. 2010ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ದೊಡ್ಡವರ ಜತೆ ಮೊದಲ ಪಂದ್ಯ ಆಡಿದ.

ಹದಿನೇಳು ಅಂದರೆ ನಮ್ಮಲ್ಲಿ ಪ್ಲಸ್ ಟೂ ಹುಡುಗ. ಅಂಥವನನ್ನು ನೂರು ಕಿಲೋ ಮೀರಿದ ಗಂಡಸರ ನಡುವೆ ಇಳಿಸುವುದು ಸರಿಯೇ ಎಂಬ ಪ್ರಶ್ನೆ ಅಲ್ಲಿಯೂ ಎದ್ದಿತು. ಆಮೇಲೆ ಹದಿನೆಂಟು ತುಂಬದೆ ಎನ್‌ಆರ್‌ಎಲ್‌ನಲ್ಲಿ ಆಡುವಂತಿಲ್ಲ ಎಂಬ ನಿಯಮ ಬಂತು. 2021ರಲ್ಲಿ ಜೋಸೆಫ್ ಸುವಾಲಿ ಎಂಬ ಹದಿನೇಳರ ಹುಡುಗನಿಗೆ ವಿಶೇಷ ವಿನಾಯಿತಿ ಕೊಟ್ಟೇ ಆಡಿಸಬೇಕಾಯಿತು. ಮೊದಲ ವರ್ಷವೇ ಅವನ ಪಾದಕ್ಕೆ ಪೆಟ್ಟು ಬಿದ್ದು ಆ ಋತುವಿನ ಆಟ ಅಲ್ಲಿಗೇ ನಿಂತಿತು.

ಟೌಮಲೊಲೊನದು ತಂಡದ ನಡುವೆ ನಿಂತು ಮತ್ತೆ ಮತ್ತೆ ಗೋಡೆಗೆ ನುಗ್ಗುವ ಕೆಲಸ. ಅಂಕ ಗಳಿಸಿ ಹೆಸರು ಮಾಡುವವರು ಅಂಚಿನಲ್ಲಿ ಓಡುವವರು. ಅವರಿಗೆ ದಾರಿ ಮಾಡಿಕೊಡುವವರು ಇಂಥ ನಡುವಿನವರು. ಒಳ್ಳೆಯ ದಿನಗಳಲ್ಲಿ ಒಂದು ಪಂದ್ಯದಲ್ಲಿ ಇನ್ನೂರು ಮೀಟರಿಗಿಂತ ಹೆಚ್ಚು ದೂರ ಚೆಂಡು ಹೊತ್ತು ನುಗ್ಗುತ್ತಿದ್ದ. ಹತ್ತು ಹತ್ತು ಮೀಟರಿಗೆ ಇಬ್ಬರು ಮೂವರು ಮೇಲೆ ಬಿದ್ದು ಕೆಡವುವಾಗ ಇನ್ನೂರು ಮೀಟರ್ ಎಂದರೆ ಎಷ್ಟು ಸಲ ಬಿದ್ದು ಎದ್ದಿರಬೇಕು, ಲೆಕ್ಕ ಹಾಕಿ ನೋಡಿ.

2015ರ ಅಕ್ಟೋಬರ್ 4ರಂದು ಕೌಬಾಯ್ಸ್ ಬ್ರಿಸ್ಬೇನ್ ತಂಡವನ್ನು ಹೆಚ್ಚುವರಿ ಸಮಯದಲ್ಲಿ 17–16ರಿಂದ ಸೋಲಿಸಿ ಮೊದಲ ಸಲ ಪ್ರಶಸ್ತಿ ಗೆದ್ದಿತು. 1995ರಲ್ಲಿ ಲೀಗಿಗೆ ಬಂದ ತಂಡಕ್ಕೆ ಇಪ್ಪತ್ತು ವರ್ಷ ಕಾದ ಮೇಲೆ ಸಿಕ್ಕ ಗೆಲುವು ಅದು. ಮರುವರ್ಷ ಆ ಋತುವಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಡ್ಯಾಲಿ ಎಂ ಪದಕ ಟೌಮಲೊಲೊ ಮತ್ತು ಕೂಪರ್ ಕ್ರಾಂಕ್ ಇಬ್ಬರಿಗೂ ಸಮವಾಗಿ ಬಂತು. ಆಗ ಅವನಿಗೆ ಇಪ್ಪತ್ತಮೂರು.

2017ರಲ್ಲಿ ಕ್ಲಬ್ಬು ಅವನ ಜತೆ ಹತ್ತು ವರ್ಷದ ಕರಾರು ಮಾಡಿಕೊಂಡಿತು. 2018ರಿಂದ 2027ರ ವರೆಗೆ. ಮೊತ್ತ ಸುಮಾರು ಒಂದು ಕೋಟಿ ಆಸ್ಟ್ರೇಲಿಯನ್ ಡಾಲರ್ ಎಂದು ಪತ್ರಿಕೆಗಳು ಬರೆದವು. ಅಂದಿನ ನಮ್ಮ ಲೆಕ್ಕದಲ್ಲಿ ಐವತ್ತು ಕೋಟಿ ರೂಪಾಯಿಯ ಆಸುಪಾಸು.

ಹತ್ತು ವರ್ಷ ಯಾಕೆ ದೊಡ್ಡ ಮಾತು?

ಹಣದ ಅಂಕಿಯನ್ನು ನೋಡಿ ಬಾಯಿ ಬಿಡುವ ಮೊದಲು 'ಹತ್ತು ವರ್ಷ' ಎಂಬುದನ್ನು ಗಮನಿಸಬೇಕು. ಈ ಆಟದಲ್ಲಿ ಎರಡು ಮೂರು ವರ್ಷದ ಕರಾರೇ ಸಾಮಾನ್ಯ. ಯಾಕೆಂದರೆ ದೇಹವನ್ನು ನಂಬುವ ಹಾಗಿಲ್ಲ.

2014ರ ಮಾರ್ಚ್ 24ರಂದು ಮೆಲ್ಬರ್ನಿನಲ್ಲಿ ಒಂದು ಪಂದ್ಯ. ನ್ಯೂಕಾಸಲ್ ತಂಡದ ಅಲೆಕ್ಸ್ ಮೆಕಿನನ್ ಎಂಬ 22 ವರ್ಷದ ಯುವಕನನ್ನು ಎದುರಾಳಿಗಳು ಎತ್ತಿ ಕೆಡವಿದರು. ಕುತ್ತಿಗೆ ಕೆಳಗಾಗಿ ಬಿದ್ದ. ಕುತ್ತಿಗೆಯ ಎಲುಬು ಮುರಿಯಿತು. ಮತ್ತೆ ಆಡುವುದು ಹಾಗಿರಲಿ, ಅವನ ಬದುಕು ಗಾಲಿಕುರ್ಚಿಗೆ ಬಂತು. ಒಂದು ಕ್ಷಣದ ಹಿಂದೆ ಮುಂದಿನ ಹತ್ತು ವರ್ಷ ಕಾಣುತ್ತಿದ್ದ ಹುಡುಗ. ಆ ವರ್ಷ ಒಂದು ವಾರದ ಪಂದ್ಯಗಳನ್ನೇ ಅವನ ನೆರವಿಗೆಂದು ಮೀಸಲಿಟ್ಟರು, ಲೀಗು ಅವನಿಗೆ ಬದುಕಿರುವ ತನಕ ಉದ್ಯೋಗದ ಮಾತು ಕೊಟ್ಟಿತು. ಒಳ್ಳೆಯದೇ. ಆದರೆ ಹೋದದ್ದು ಹೋಯಿತು.

ಇಂಥ ಆಟದಲ್ಲಿ ಹತ್ತು ವರ್ಷದ ಕರಾರು ಎಂದರೆ ಕ್ಲಬ್ಬು ಹುಡುಗನಿಗೆ ಹೇಳಿದ್ದು ಇಷ್ಟು: ನೀನು ನಾಳೆ ಬಿದ್ದರೂ ನಿನ್ನ ಮನೆಯ ಒಲೆ ಆರುವುದಿಲ್ಲ. ನಮ್ಮ ಕತೆಗೆ ಇದು ಬಹಳ ಮುಖ್ಯ, ನೆನಪಿಟ್ಟುಕೊಳ್ಳಿ. ಯಾಕೆಂದರೆ ಅದೇ ವರ್ಷ ಅವನು ಇನ್ನೊಂದು ಕೆಲಸ ಮಾಡಿದ.

ಅಂಗಿ ಬದಲಾಯಿಸಿದ ಅಕ್ಟೋಬರ್

ಕ್ಲಬ್ಬಿಗೆ ಆಡುವುದು ಹೊಟ್ಟೆಪಾಡು, ದೇಶಕ್ಕೆ ಆಡುವುದು ಇನ್ನೊಂದು. ಟೌಮಲೊಲೊ ಚಿಕ್ಕವನಿದ್ದಾಗ ಒಮ್ಮೆ ಟೊಂಗಾದ ಅಂಗಿ ತೊಟ್ಟದ್ದುಂಟು. ಆದರೆ 2014ರಿಂದ ಆತ ಹುಟ್ಟಿದ ದೇಶ ನ್ಯೂಜಿಲೆಂಡಿನ ಆಟಗಾರ. ಆ ವರ್ಷ ನಾಲ್ಕು ದೇಶಗಳ ಪಂದ್ಯಾವಳಿಯಲ್ಲಿ ನ್ಯೂಜಿಲೆಂಡ್ ಆಸ್ಟ್ರೇಲಿಯಾವನ್ನು ಸೋಲಿಸಿ ಗೆದ್ದಾಗ ತಂಡದಲ್ಲಿದ್ದ. 2017ರ ಕೊನೆಯಲ್ಲಿ ವಿಶ್ವಕಪ್ ಬಂತು. ನ್ಯೂಜಿಲೆಂಡ್ ತಂಡದಲ್ಲಿ ಅವನಿಗೆ ಜಾಗ ಖಾಯಂ. ತಂಡ ಪ್ರಕಟವಾಗುವ ಹೊತ್ತಿಗೆ ಸುದ್ದಿ ಬಂತು: ಟೌಮಲೊಲೊ ನ್ಯೂಜಿಲೆಂಡಿಗೆ ಆಡುವುದಿಲ್ಲ, ತಂದೆ ತಾಯಿಯ ನಾಡು ಟೊಂಗಾಕ್ಕೆ ಆಡುತ್ತಾನೆ. ಅದೇ ಹೊತ್ತಿಗೆ ಆಸ್ಟ್ರೇಲಿಯಾದ ಆಟಗಾರ ಆಂಡ್ರ್ಯೂ ಫಿಫಿಟಾ ಕೂಡ ಆಸ್ಟ್ರೇಲಿಯಾವನ್ನು ಬಿಟ್ಟು ಟೊಂಗಾದ ಕಡೆ ಬಂದ. ನಿಯಮದಲ್ಲಿ ಅದಕ್ಕೆ ಅವಕಾಶವಿತ್ತು.

ಟೊಂಗಾ ಎಂದರೆ ಎಷ್ಟು? ಪೆಸಿಫಿಕ್ ಸಾಗರದ ನೂರೆಪ್ಪತ್ತರಷ್ಟು ದ್ವೀಪಗಳ ಒಂದು ಪುಟ್ಟ ರಾಜ್ಯ. ಜನಸಂಖ್ಯೆ ಸುಮಾರು ಒಂದು ಲಕ್ಷ. ನಮ್ಮ ಕಡೆಯ ಎರಡು ಮೂರು ದೊಡ್ಡ ಪಂಚಾಯತುಗಳನ್ನು ಸೇರಿಸಿದರೆ ಅಷ್ಟಾಗುತ್ತದೆ! ದೊಡ್ಡ ದೇಶಗಳು ಪಂದ್ಯಕ್ಕೆ ಕೊಡುವಷ್ಟು ಹಣ ಕೊಡುವ ಶಕ್ತಿ ಅದಕ್ಕಿರಲಿಲ್ಲ. ತಂಡದ ಹೆಸರು 'ಮಾತೆ ಮಾಅ ಟೊಂಗಾ'. ನಮ್ಮ ಕಿವಿಗೆ ತಾಯಿ ಎಂದು ಕೇಳಿಸುವ ಆ 'ಮಾತೆ'ಗೆ ಅವರ ನುಡಿಯಲ್ಲಿ ಸಾಯುವುದು ಎಂದರ್ಥ. ಟೊಂಗಾಕ್ಕಾಗಿ ಪ್ರಾಣ ಕೊಡು ಎಂದು ಹೇಳಿದಂತೆ. ಹೆಸರೇನೋ ಗಂಭೀರ. ಆದರೆ ವಿಶ್ವಕಪ್ಪಿನ ದೊಡ್ಡ ತಂಡಗಳ ಸಾಲಿನಲ್ಲಿ ಅವರನ್ನು ಅದುವರೆಗೆ ಯಾರೂ ಎಣಿಸಿರಲಿಲ್ಲ.

ನ್ಯೂಜಿಲೆಂಡಿನವರಿಗೆ ಸಿಟ್ಟು ಬಂತು. ಬರಬಾರದು ಎಂದು ನಾವು ಹೇಳುವುದಿಲ್ಲ. ಆಡಲು ಅವಕಾಶ ಕೊಟ್ಟವರು, ಅಂಗಿ ಕೊಟ್ಟವರು ಅವರು. ಕೊನೆಯ ಗಳಿಗೆಯಲ್ಲಿ ಕೈ ಬಿಟ್ಟರೆ ಯಾರಿಗಾದರೂ ನೋವಾಗುತ್ತದೆ.

2017ರ ನವೆಂಬರ್ 11ರಂದು ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಊರಿನಲ್ಲಿ ಎರಡೂ ತಂಡಗಳು ಎದುರಾದವು. ನ್ಯೂಜಿಲೆಂಡಿನವರ ಹಾಕಾ, ಟೊಂಗಾದವರ ಸಿಪಿ ತೌ ಎಂಬ ಯುದ್ಧದ ಕುಣಿತಗಳು ಒಂದೇ ಹೊತ್ತಿಗೆ ಮುಖಾಮುಖಿಯಾದವು. ಗ್ಯಾಲರಿಯ ತುಂಬ ಟೊಂಗಾದ ಕೆಂಪು ಅಂಗಿ, ಕೆಂಪು ಬಾವುಟ, ಹಾಡು. ಅರ್ಧ ಆಟ ಮುಗಿದಾಗ ನ್ಯೂಜಿಲೆಂಡ್ 16, ಟೊಂಗಾ 2. ಮುಗಿಯಿತು ಎಂದುಕೊಂಡವರೇ ಹೆಚ್ಚು. ಉಳಿದ ನಲವತ್ತು ನಿಮಿಷದಲ್ಲಿ ಆಟ ತಿರುಗಿ ಬಿತ್ತು. ಡೇವಿಡ್ ಫುಸಿಟುವಾ ಮೂರು ಟ್ರೈ ಹೊಡೆದ. ಕೊನೆಗೆ ಟೊಂಗಾ 28, ನ್ಯೂಜಿಲೆಂಡ್ 22.

ಸೆಮಿಫೈನಲಿನಲ್ಲಿ ಇಂಗ್ಲೆಂಡಿನ ವಿರುದ್ಧ ಟೊಂಗಾ ಕೊನೆಯ ಏಳೆಂಟು ನಿಮಿಷದ ತನಕ 0–20ರಿಂದ ಹಿಂದೆ ಇತ್ತು. ಅಲ್ಲಿಂದ ಮೂರು ಟ್ರೈ ಹೊಡೆದು 18ಕ್ಕೆ ಬಂತು. ಕೊನೆಯ ಓಟದಲ್ಲಿ ಫಿಫಿಟಾನ ಕೈಯಿಂದ ಚೆಂಡು ಜಾರಿತು, ಅದು ಜಾರಿದ್ದೋ ಎದುರಾಳಿ ಕಿತ್ತದ್ದೋ ಎಂಬ ವಾದ ಆಮೇಲೂ ನಡೆಯಿತು. 20–18ರಿಂದ ಸೋಲು. ಸೋತರೂ ಟೊಂಗಾದವರು ಹಬ್ಬ ಮಾಡಿದರು. 2019ರ ನವೆಂಬರ್ 2ರಂದು ಅದೇ ಟೊಂಗಾ ವಿಶ್ವ ಚಾಂಪಿಯನ್ ಆಗಿದ್ದ ಆಸ್ಟ್ರೇಲಿಯಾವನ್ನು ಆಕ್ಲೆಂಡಿನಲ್ಲಿ 16–12ರಿಂದ ಸೋಲಿಸಿತು!

ಈ ಗಾಳಿ ಟೊಂಗಾಕ್ಕೆ ಮಾತ್ರ ನಿಲ್ಲಲಿಲ್ಲ. ಕೊರೊನಾದಿಂದಾಗಿ 2022ರಲ್ಲಿ ನಡೆದ ಮುಂದಿನ ವಿಶ್ವಕಪ್ಪಿನಲ್ಲಿ ಜರೋಮ್ ಲುವಾಯ್, ಬ್ರಯನ್ ಟೊಒ ಮುಂತಾದ ಎನ್‌ಆರ್‌ಎಲ್ ತಾರೆಗಳು ಸಮೋವದ ಪರ ನಿಂತರು. ಆ ಸಮೋವ ಎಂಟರ ಘಟ್ಟದಲ್ಲಿ ಟೊಂಗಾವನ್ನೇ 20–18ರಿಂದ ಸೋಲಿಸಿ, ಸೆಮಿಫೈನಲಿನಲ್ಲಿ ಇಂಗ್ಲೆಂಡನ್ನು 27–26ರಿಂದ ಮಣಿಸಿ, ಮೊದಲ ಸಲ ಫೈನಲಿಗೆ ಬಂತು. ಆಸ್ಟ್ರೇಲಿಯಾದ ಎದುರು 30–10ರಿಂದ ಸೋತಿತು ನಿಜ. ಪಾದದ ಪೆಟ್ಟಿನಿಂದ ಚೇತರಿಸಿಕೊಂಡಿದ್ದ ಆ ಹುಡುಗ ಸುವಾಲಿಯೂ ಸಮೋವ ತಂಡದಲ್ಲಿದ್ದ.

ಚಪ್ಪಾಳೆ ತಟ್ಟಿ ಮುಗಿಸುವ ಮೊದಲು

ಇಲ್ಲಿಗೆ ನಿಲ್ಲಿಸಿ, ನೋಡಿ ಮಕ್ಕಳೇ, ಬೇರಿನ ಅಭಿಮಾನ ಎಂದರೆ ಹೀಗಿರಬೇಕು ಎಂದು ಭಾಷಣ ಮುಗಿಸಬಹುದು. ನವೆಂಬರ್ ಒಂದರ ಕಾರ್ಯಕ್ರಮಕ್ಕೆ ಸರಿಯಾಗುತ್ತದೆ. ಆದರೆ ಹಾಗೆ ಮಾಡಿದರೆ ಕತೆಯ ಅರ್ಧವನ್ನು ಬಚ್ಚಿಟ್ಟಂತಾಗುತ್ತದೆ.

ಮೊದಲನೆಯದು. ಟೌಮಲೊಲೊ ಟೊಂಗಾದ ಅಂಗಿ ತೊಟ್ಟದ್ದು ಹತ್ತು ವರ್ಷದ ಕರಾರಿಗೆ ಸಹಿ ಹಾಕಿದ ಮೇಲೆ. ಅನ್ನ ಗಟ್ಟಿಯಾಗಿತ್ತು. ದೊಡ್ಡ ದೇಶದ ಪಂದ್ಯದ ಹಣ ಬಿಟ್ಟರೆ ಮನೆ ನಡೆಯುವುದಿಲ್ಲ ಎಂಬ ಸ್ಥಿತಿ ಇರಲಿಲ್ಲ. ಒಂದು ವರ್ಷದ ಕರಾರಿನ ಮೇಲೆ ಮನೆಮಂದಿಯನ್ನೆಲ್ಲ ಸಾಕುವ ಹುಡುಗನೊಬ್ಬ ಹಣ ಹೆಚ್ಚು ಕೊಡುವ ಕಡೆ ಹೋದರೆ ಅವನನ್ನು ದ್ರೋಹಿ ಎನ್ನುವ ಹಕ್ಕು ಯಾರಿಗಿದೆ? ತ್ಯಾಗ ಮಾಡಲಿಕ್ಕೂ ಕೈಯಲ್ಲಿ ಏನಾದರೂ ಇರಬೇಕಲ್ಲ.

ಎರಡನೆಯದು. ಟೊಂಗಾ ಅವನನ್ನು ಬೆಳೆಸಲಿಲ್ಲ. ಅವನನ್ನು ಆಟಗಾರನನ್ನಾಗಿ ಮಾಡಿದ್ದು ಟೌನ್ಸ್‌ವಿಲ್ಲಿನ ಒಂದು ಸರಕಾರಿ ಶಾಲೆ ಮತ್ತು ಒಂದು ಕ್ಲಬ್ಬು. ಪರರ ನೆಲದ ವ್ಯವಸ್ಥೆಯಲ್ಲಿ ಕಲಿತು ಪಳಗಿದ್ದರಿಂದಲೇ ಅವನು ಹಿರಿಯರ ನಾಡಿಗೆ ಉಪಯೋಗಕ್ಕೆ ಬಂದ. ದೊಡ್ಡ ಲೀಗಿನ ಕಡೆ ಹೋಗಬೇಡ, ದ್ವೀಪದಲ್ಲೇ ಇರು ಎಂದು ಯಾರಾದರೂ ಅವನ ಅಪ್ಪ ಅಮ್ಮನಿಗೆ ಹೇಳಿ, ಅವರು ಕೇಳಿದ್ದರೆ, ಹ್ಯಾಮಿಲ್ಟನ್ನಿನ ಆ ಸಂಜೆ ಬರುತ್ತಿರಲಿಲ್ಲ.

ಮೂರನೆಯದು ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮೂರು ವರ್ಷ ಬೇರೆಯವರ ಅಂಗಿ ತೊಟ್ಟವನನ್ನು ಟೊಂಗಾದವರು ಬಾಗಿಲು ತೆರೆದು ಒಳಗೆ ಕರೆದುಕೊಂಡರು. ಇಷ್ಟು ದಿನ ಎಲ್ಲಿದ್ದೆ ಎಂದು ಬಾಗಿಲಲ್ಲಿ ನಿಲ್ಲಿಸಲಿಲ್ಲ. ಆಕ್ಲೆಂಡಿನಲ್ಲಿ ಹುಟ್ಟಿದವನು ಎಂದು ಕೊಂಕು ತೆಗೆಯಲಿಲ್ಲ.

ನಮ್ಮ ಜಗಲಿಗೆ ಮರಳಿ

ಆಟದ ತಂಡ ಬೇರೆ, ಶಾಲೆಯ ಮಾಧ್ಯಮ ಬೇರೆ, ಇದು ನಮಗೂ ಗೊತ್ತು. ಇಪ್ಪತ್ತನಾಲ್ಕರ ಗಂಡಸು ತಾನೇ ಯೋಚಿಸಿ ಅಂಗಿ ಬದಲಾಯಿಸಿದ. ಐದು ವರ್ಷದ ಮಗುವಿನ ಅಂಗಿಯನ್ನು ಆರಿಸುವವರು ದೊಡ್ಡವರು. ಮಗುವಿಗೆ ಆಯ್ಕೆ ಇಲ್ಲ. ಅದಕ್ಕಾಗಿಯೇ ಹೊಣೆ ದೊಡ್ಡವರದು, ಅದರಲ್ಲೂ ಆ ಮಗುವನ್ನು ಕನ್ನಡ ಶಾಲೆಗೆ ಕಳಿಸಿ ಎಂದು ಕೇಳುವ ನಮ್ಮದು ಹೆಚ್ಚು. ಕಳಿಸಿ ಎಂದು ಕೇಳುವವರು, ಕಳಿಸಿದರೆ ನಿಮ್ಮ ಮಗುವಿಗೆ ಇಂತಿಂಥದ್ದು ಸಿಗುತ್ತದೆ ಎಂದು ಲೆಕ್ಕ ಕೊಡಬೇಕು. ಕ್ಲಬ್ಬು ಕರಾರು ಕೊಟ್ಟ ಹಾಗೆ.

ನಮ್ಮ ಕರಾರಿನಲ್ಲಿ ಏನಿರಬೇಕು? ನಮಗೆ ತೋಚಿದ್ದನ್ನು ಹೇಳುತ್ತೇವೆ.

ಈ ಕಡೆಯ ಮಗುವಿಗೆ ರಾಜ್ಯಭಾಷೆ ಮಲಯಾಳ ಚೆನ್ನಾಗಿ ಬರಬೇಕು. 1956ರಲ್ಲಿ ಗಡಿ ಎಲ್ಲಿ ಎಳೆದರು, ಅದು ಸರಿಯೋ ತಪ್ಪೋ ಎಂಬುದು ಒಂದು ವಾದ. ಆ ವಾದ ಇರಲಿ. ಆದರೆ ಕಚೇರಿಗೆ ಹೋದಾಗ ಅರ್ಜಿ ಬರೆಯಲು ಬಾರದ ಹುಡುಗನಿಗೆ ಆ ವಾದದಿಂದ ಕೆಲಸ ಸಿಗದು. ಒತ್ತಾಯದ ಕಾನೂನನ್ನು ವಿರೋಧಿಸುವುದು ನಮ್ಮ ಹಕ್ಕು, 2017ರಲ್ಲಿ ಮಲಯಾಳ ಕಡ್ಡಾಯದ ಕಾಯಿದೆ ಬಂದಾಗ ನಮ್ಮವರು ವಿರೋಧಿಸಿದ್ದೂ ಸರಿಯೇ. ಆದರೆ ಒತ್ತಾಯವನ್ನು ವಿರೋಧಿಸುವುದು ಬೇರೆ, ಭಾಷೆಯನ್ನು ಕಲಿಯದೆ ಇರುವುದು ಬೇರೆ. ಮೊದಲನೆಯದು ಸ್ವಾಭಿಮಾನ, ಎರಡನೆಯದು ನಷ್ಟ. ಇಂಗ್ಲಿಷಿನ ಮಾತೂ ಅಷ್ಟೆ. ಕನ್ನಡ ಶಾಲೆಯಲ್ಲಿ ಓದಿದವನಿಗೆ ಇಂಗ್ಲಿಷ್ ಬರುವುದಿಲ್ಲ ಎಂಬ ಮಾತು ಸುಳ್ಳು ಎಂದು ನಾವು ಭಾಷಣದಲ್ಲಿ ಹೇಳಿದರೆ ಸಾಲದು. ಹತ್ತನೆಯ ತರಗತಿ ಮುಗಿಸಿದ ಹುಡುಗಿ ಬಾಯಿ ತೆರೆದು ತೋರಿಸಬೇಕು.

ಗಣಿತ, ವಿಜ್ಞಾನ ನಮ್ಮಲ್ಲಿ ಅಕ್ಕಪಕ್ಕದ ಶಾಲೆಗಿಂತ ಒಂದು ತೂಕ ಹೆಚ್ಚೇ ಇರಬೇಕು. ಮನೆಯ ಮಾತಿನಲ್ಲಿ ಕಲಿತ ಲೆಕ್ಕ ಬೇಗ ತಲೆಗೆ ಹತ್ತುತ್ತದೆ ಎಂಬುದೇ ನಮ್ಮ ದೊಡ್ಡ ಬಂಡವಾಳ. ಆ ಬಂಡವಾಳವನ್ನು ಬಳಸದೆ ಹಾಡು, ಕುಣಿತ, ಭಾಷಣಗಳಲ್ಲಿ ಮಾತ್ರ ಕನ್ನಡವನ್ನು ತೋರಿಸಿದರೆ ಹೆತ್ತವರು ಎರಡು ದಿನ ಚಪ್ಪಾಳೆ ತಟ್ಟಿ ಮೂರನೆಯ ದಿನ ವರ್ಗಾವಣೆ ಪತ್ರ ಕೇಳುತ್ತಾರೆ. ಅವರದು ತಪ್ಪಲ್ಲ.

ನಮ್ಮ ಶಾಲೆಗಳಲ್ಲೂ ಮೈಯಲ್ಲಿ ಕಸುವು ತುಂಬಿದ ಹುಡುಗರಿದ್ದಾರೆ. ಕಬಡ್ಡಿ ಅಂಕಣದಲ್ಲಿ ಹುಲಿಗಳು, ತರಗತಿಯಲ್ಲಿ ಹಿಂದಿನ ಬೆಂಚು. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಆಟದಿಂದಲೂ ಬದುಕಬಹುದು ಎಂಬ ಆಸೆ ಅವರಲ್ಲಿ ಹುಟ್ಟಿದೆ. ಅದನ್ನು ಚಿವುಟಬಾರದು. ಆದರೆ ಟೌಮಲೊಲೊನ ಕತೆ ಹೇಳಿದ ಬಾಯಲ್ಲೇ ಮೆಕಿನನ್‌ನ ಕತೆಯನ್ನೂ ಅವರಿಗೆ ಹೇಳಬೇಕು. ಮೊಣಕಾಲು ಒಂದು ಸಲ ತಿರುಚಿದರೆ ಮುಂದೇನು ಎಂದು ಕೇಳಿಕೊಂಡು, ಇನ್ನೊಂದು ಕೈಕಸುಬೋ ಒಂದು ಡಿಪ್ಲೊಮಾವೋ ಜತೆಗಿಟ್ಟುಕೊಳ್ಳುವಂತೆ ನೋಡಬೇಕು. ಆಸ್ಟ್ರೇಲಿಯಾದ ಲೀಗು ಕೂಡ ಇಪ್ಪತ್ತರ ಒಳಗಿನವರ ಪಂದ್ಯಾವಳಿಯಲ್ಲಿ, ಓದು ಇಲ್ಲವೇ ಕೆಲಸ ಇಲ್ಲದವನಿಗೆ ಆಟವೂ ಇಲ್ಲ ಎಂಬ ನಿಯಮ ತಂದಿತ್ತು. ಆಟದಿಂದಲೇ ಹಣ ಮಾಡುವವರಿಗೆ ಹೊಳೆದದ್ದು ಪಾಠ ಹೇಳುವ ನಮಗೆ ಹೊಳೆಯಬಾರದೇ?

ಕೊನೆಯದು ಬಾಗಿಲಿನ ಮಾತು. ನಮ್ಮ ಶಾಲೆ ಬಿಟ್ಟು ಹೋದ ಮಕ್ಕಳನ್ನು ನಾವು ಹೇಗೆ ಕಾಣುತ್ತೇವೆ? ನಿಜ ಹೇಳಬೇಕೆಂದರೆ ಸ್ಟಾಫ್ ರೂಮಿನಲ್ಲಿ ನಾವೂ ಕೊಂಕು ಆಡಿದ್ದುಂಟು. 'ಅವನಪ್ಪ ಕನ್ನಡ ಸಂಘದ ಮುಂದಾಳು, ಮಗ ಮಾತ್ರ ಇಂಗ್ಲಿಷ್ ಮೀಡಿಯಂ' ಎಂದು ನಕ್ಕದ್ದುಂಟು. ನಗುವುದು ಸುಲಭ. ಆದರೆ ಆ ಮಗುವಿಗೂ ಮನೆಯಲ್ಲಿ ಅಜ್ಜಿ ಕನ್ನಡದಲ್ಲೋ ತುಳುವಿನಲ್ಲೋ ಕತೆ ಹೇಳುತ್ತಾಳೆ. ಆ ಮಗು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಕಾಲೂರಿ ನಿಂತ ಮೇಲೆ ತಿರುಗಿ ನೋಡಬಹುದು. ಆಗ ನಾವು ಎಲ್ಲಿರುತ್ತೇವೆ? ಬಾಗಿಲು ಹಾಕಿಕೊಂಡು ಒಳಗೋ, ತೆರೆದು ಹೊರಗೋ?

ಶಾಲೆಯ ವಾರ್ಷಿಕೋತ್ಸವಕ್ಕೆ ಬಿಟ್ಟುಹೋದವರನ್ನೂ ಕರೆಯೋಣ. ರಜೆಯಲ್ಲಿ ಕನ್ನಡ ಓದು ಬರಹದ ತರಗತಿಗೆ ಯಾವ ಮಾಧ್ಯಮದ ಮಗುವಾದರೂ ಬರಲಿ. ಗ್ರಂಥಾಲಯದ ಪುಸ್ತಕ ಅವರ ಕೈಗೂ ಹೋಗಲಿ. ದೊಡ್ಡ ಖರ್ಚಿನ ಕೆಲಸ ಇದಲ್ಲ. ಸ್ವಲ್ಪ ಮನಸ್ಸು ದೊಡ್ಡದಾಗಬೇಕು, ಅಷ್ಟೆ.

ಟೌಮಲೊಲೊನ ಕಾಲುಗಳೂ ಈಚಿನ ವರ್ಷಗಳಲ್ಲಿ ಮೊದಲಿನಂತೆ ಉಳಿಯಲಿಲ್ಲ, ಮೊಣಕಾಲಿನ ತೊಂದರೆ ಕಾಡಿತು. ಹತ್ತು ವರ್ಷ ಯಾರ ದೇಹಕ್ಕೂ ಕಡಿಮೆ ಕಾಲವಲ್ಲ. ಅವನ ಹೆಸರು ಆಟದ ಪುಸ್ತಕದಲ್ಲಿ ಹೇಗೆ ಉಳಿಯುತ್ತದೋ ಹೇಳಲಾರೆವು. ಆದರೆ ಟೊಂಗಾದ ಮಗುವೊಂದು ಈಗ ಆಕ್ಲೆಂಡಿನಲ್ಲೋ ಸಿಡ್ನಿಯಲ್ಲೋ ಚೆಂಡು ಹಿಡಿದಾಗ, ಕೆಂಪು ಅಂಗಿ ತೊಟ್ಟರೂ ಗೆಲ್ಲಬಹುದು ಎಂದು ಅದಕ್ಕೆ ಗೊತ್ತಿದೆ. 2017ಕ್ಕೆ ಮೊದಲು ಅದು ಗೊತ್ತಿರಲಿಲ್ಲ.

ಮುಂದಿನ ಮೇ ತಿಂಗಳಲ್ಲಿ ಮತ್ತೆ ಜಗಲಿಗಳಿಗೆ ಹೋಗುತ್ತೇವೆ. ಬೆಲ್ಲ ನೀರು ಬರುತ್ತದೆ, ಪ್ರಶ್ನೆಯೂ ಬರುತ್ತದೆ. ಈ ಸಲ ತಾಯಿ ಬೇರು ಎಂದು ಶುರು ಮಾಡುವುದಿಲ್ಲ. ಹೋದ ವರ್ಷ ನಮ್ಮಲ್ಲಿ ಹತ್ತನೆಯದು ಮುಗಿಸಿದವರು ಎಲ್ಲೆಲ್ಲಿ ಏನೇನು ಓದುತ್ತಿದ್ದಾರೆ ಎಂಬ ಪಟ್ಟಿಯನ್ನು ಮೊದಲು ಮುಂದಿಡುತ್ತೇವೆ. ಆ ಪಟ್ಟಿ ತೋರಿಸಲು ನಾಚಿಕೆಯಾಗುವಂತಿದ್ದರೆ, ತಪ್ಪು ಆ ಮನೆಯವರದಲ್ಲ, ನಮ್ಮದು.